ರಷ್ಯದ 'ಶೇ. 70 ಬೆಂಬಲ' ಅನ್ನೋ ಅಂಕಿ ಪ್ರಬಂಧದಾಗ ಬರೀಬಹುದೇನ್ರಿ?

ಸಪ್ತಾಪುರ ಓದುಗ (ಧಾರವಾಡ):
ಕೆಎಎಸ್ ಮುಖ್ಯ ಪರೀಕ್ಷೆಗೆ ಓದೋ ನಮ್ಮ ಗುಂಪಿನಾಗ ವಾದ ಎದ್ದೈತಿ. ಉಕ್ರೇನ್ ಯುದ್ಧಕ್ಕ ಶೇ. 70ಕ್ಕಿಂತ ಹೆಚ್ಚು ರಷ್ಯನ್ನರ ಬೆಂಬಲ ಐತಿ ಅಂತ ಲೆವಾಡಾ ಅನ್ನೋ ರಷ್ಯದ ಜನಾಭಿಪ್ರಾಯ ಸಂಸ್ಥೆಯ ಸಮೀಕ್ಷೆ ಹೇಳತೈತಿ. ಒಬ್ರು 'ಹೆದರಿ ಹೇಳಿದ್ದು, ಬಿಡ್ರಿ' ಅಂತಾರ. ಇನ್ನೊಬ್ರು 'ಎಲ್ಲಾ ಸರ್ಕಾರದ ಟಿವಿ ಮಾಡಿದ್ದು' ಅಂತಾರ. ಯಾವುದು ಖರೆ?

ಗದಗ ಮಾಸ್ತರ:
ಬರೀರಿ, ಆದರೆ ಆ ಅಂಕಿಯೊಂದನ್ನೇ ಬರೀಬ್ಯಾಡ್ರಿ. ಲೆವಾಡಾ ಸರ್ಕಾರಿ ಸಂಸ್ಥೆ ಅಲ್ಲ. 2016ರಲ್ಲಿ ಸರ್ಕಾರವೇ ಅದಕ್ಕೆ 'ವಿದೇಶಿ ಏಜೆಂಟ್' ಹಣೆಪಟ್ಟಿ ಹಚ್ಚಿತು. ಸುಮಾರು 1,600 ವಯಸ್ಕರನ್ನು ಮನೆಗೇ ಹೋಗಿ ಕೇಳುತ್ತಾರೆ. ಅಂಕಿ ತಿದ್ದಿದ್ದಾರೆ ಅನ್ನೋ ಸಂಶಯ ಬಿಡಿ, ತೊಡಕಿರೋದು ಪ್ರಶ್ನೆಯಲ್ಲಿ. ಅವರು ಕೇಳೋದು ಯುದ್ಧ ಸರಿಯೋ ತಪ್ಪೋ ಅಂತಲ್ಲ, ರಷ್ಯದ ಸೇನೆಯ ಕ್ರಮಕ್ಕೆ ನಿಮ್ಮ ಬೆಂಬಲ ಇದೆಯೇ ಅಂತ. 'ಇಲ್ಲ' ಅಂದರೆ ತಮ್ಮ ಸೈನಿಕರನ್ನೇ ಬಿಟ್ಟುಕೊಟ್ಟಂಗೆ.

ಮೇಲೆ ಕಾನೂನು ಬೇರೆ. 2022ರ ಮಾರ್ಚ್ 4ರಿಂದ ಸೇನೆ ಬಗ್ಗೆ 'ಸುಳ್ಳು ಸುದ್ದಿ'ಗೆ 15 ವರ್ಷದವರೆಗೂ ಜೈಲು. 'ಸೇನೆಗೆ ಕಳಂಕ' ತಂದರೆ ಮೊದಲ ಸಲ 30,000ದಿಂದ 50,000 ರೂಬಲ್ ದಂಡ.

ಭಯ ಎಷ್ಟು ಅಂತ ಅಳೆಯೋಕೆ ಪಟ್ಟಿ ಪ್ರಯೋಗ ಅಂತ ಒಂದಿದೆ. ಅರ್ಧ ಜನಕ್ಕೆ ಬೇರೆ ವಿಷಯಗಳ ಪಟ್ಟಿ ಕೊಡ್ತಾರೆ, ಉಳಿದರ್ಧಕ್ಕೆ ಅದೇ ಪಟ್ಟಿಗೆ ಯುದ್ಧವನ್ನೂ ಸೇರಿಸಿ ಕೊಡ್ತಾರೆ. ಯಾವುದಕ್ಕೆ ಬೆಂಬಲ ಅಂತ ಹೇಳಬೇಕಿಲ್ಲ, ಎಷ್ಟಕ್ಕೆ ಅಂದರೆ ಸಾಕು. ಎರಡು ಸರಾಸರಿಗಳ ವ್ಯತ್ಯಾಸವೇ ಯುದ್ಧದ ಬೆಂಬಲ. 2022ರಲ್ಲಿ ಚಾಪ್ಕೊವ್‌ಸ್ಕಿ ಮತ್ತು ಶೌಬ್ ಅನ್ನೋ ಸಂಶೋಧಕರು ಹಿಂಗೆ ಮಾಡಿದಾಗ ನೇರ ಪ್ರಶ್ನೆಗೆ ಶೇ. 68, ಪಟ್ಟಿಗೆ ಶೇ. 53 ಬಂತು. ಅದು ಆನ್‌ಲೈನ್ ಸಮೀಕ್ಷೆ, ಆ 15ರ ವ್ಯತ್ಯಾಸವನ್ನು ಲೆವಾಡಾ ಅಂಕಿಯಿಂದ ಕಳೆಯೋಕೆ ಹೋಗಬ್ಯಾಡ್ರಿ. ಭಯ ಇದೆ, ಆದರೆ ಭಯ ತೆಗೆದರೂ ಅರ್ಧ ಉಳೀತದೆ.

ಹಳೇ ಹುಬ್ಬಳ್ಳಿ:
ಮಾಸ್ತರ ಹೇಳಿದ್ದಕ್ಕ ಒಂದು ಜೋಡಸ್ತೀನಿ. 'ಯುದ್ಧ ಮುಂದುವರಿಸಬೇಕೋ, ಮಾತುಕತಿಗೆ ಕೂಡಬೇಕೋ' ಅಂತ ಲೆವಾಡಾ ಕೇಳೋ ಪ್ರಶ್ನೆ ನೋಡ್ರಿ. 2022ರ ಸೆಪ್ಟೆಂಬರ್ 21ಕ್ಕ ಪುಟಿನ್ ಭಾಗಶಃ ಸೇನಾ ಭರ್ತಿ ಸಾರಿದ್ರು. ಅಕ್ಟೋಬರ್‌ನಾಗ ಮಾತುಕತಿ ಕಡೆ ಶೇ. 57, ಮುಂದುವರಿಸೋದಕ್ಕ ಬರೇ 36. ಸೇನೆಗೆ ಬೆಂಬಲ ಮಾತ್ರ 70ರ ಮ್ಯಾಲೇ ಇತ್ತು! ಟಿವಿ ಆ ತಿಂಗಳೂ ಅದೇ ಟಿವಿ. ಮನಿ ಮಗನಿಗೆ ಕರೆ ಬರತೈತಿ ಅಂದಾಗ ಜನ ಅಲುಗ್ಯಾಡಿದ್ರು.

ಸಪ್ತಾಪುರ ಓದುಗ:
ಹಂಗಾರ ಟಿವಿ ಮಾಡೋ ಕೆಲಸ ಏನ್ರಿ?

ಹಳೇ ಹುಬ್ಬಳ್ಳಿ:
ಯುದ್ಧದ ಹುಚ್ಚು ಹಿಡಿಸೋದಕ್ಕಿಂತ, ಬ್ಯಾರೆ ದಾರಿನೇ ಇಲ್ಲ ಅನ್ನಿಸೋದು. ಯುದ್ಧದ ಮೊದಲನೇ ದಿನಾನೇ (2022ರ ಫೆಬ್ರುವರಿ 24) ಮಾಧ್ಯಮ ನಿಯಂತ್ರಕ ರೊಸ್ಕೊಮ್‌ನಾಡ್ಜೊರ್ 'ಸರ್ಕಾರಿ ಮೂಲದ ಸುದ್ದಿ ಅಷ್ಟೇ' ಅಂತ ತಾಕೀತು ಮಾಡಿತು. 'ಯುದ್ಧ' ಅನ್ನಂಗಿಲ್ಲ, 'ವಿಶೇಷ ಸೇನಾ ಕಾರ್ಯಾಚರಣೆ' ಅನ್ನಬೇಕು. ಆ ಮಾರ್ಚ್‌ನಾಗ ಎಖೊ ಮೊಸ್ಕ್ವಿ ರೇಡಿಯೊ, ದೋಝ್ದ್ ವಾಹಿನಿ, ನೊವಾಯಾ ಗಝೆಟಾ ಪತ್ರಿಕೆ ಒಂದರ ಹಿಂದೊಂದು ನಿಂತವು. ಫೇಸ್‌ಬುಕ್, ಇನ್‌ಸ್ಟಾಗ್ರಾಮೂ ಬಂದ್. ಮುಖ್ಯವಾಗಿ ಉಳಿದದ್ದು ಪೆರ್ವಿ ಕನಾಲ್, ರೊಸ್ಸಿಯಾ-1, ಎನ್‌ಟಿವಿಯಂಥ ಸರ್ಕಾರದ ಹಿಡಿತದ ವಾಹಿನಿಗಳು ಮತ್ತ ಟೆಲಿಗ್ರಾಮ್. ಟೆಲಿಗ್ರಾಮ್ ಅಂದಕೂಡಲೆ ಯುದ್ಧವಿರೋಧಿ ಅಂತ ತಿಳೀಬ್ಯಾಡ್ರಿ, ಅಲ್ಲಿ ಈ ಯುದ್ಧದ ಬಿರುಸು ಸಾಲದು ಅನ್ನೋ ಬ್ಲಾಗರ್‌ಗಳ ಹಿಂಡೇ ಐತಿ.

ಗದಗ ಮಾಸ್ತರ:
ವಯಸ್ಸಿನ ಅಂಕಿ ಬಳಸೋವಾಗಲೂ ಜ್ವಾಕಿ. ಹಿರಿಯರು ಟಿವಿ ಹೆಚ್ಚು ನೋಡ್ತಾರೆ, ಹೆಚ್ಚು ಬೆಂಬಲಿಸ್ತಾರೆ. ಟಿವಿಯಿಂದ ಬೆಂಬಲವೋ, ಬೆಂಬಲಿಸೋರೇ ಟಿವಿ ಹಚ್ಚುತಾರೋ, ಬರೇ ಆ ಅಂಕಿ ನೋಡಿ ಹೇಳೋಕಾಗಲ್ಲ.

ಇನ್ನೊಂದು, ಮಾತುಕತೆ ಬೇಕು ಅಂದವರನ್ನೆಲ್ಲ ಯುದ್ಧವಿರೋಧಿ ಲೆಕ್ಕಕ್ಕೆ ಹಾಕಬ್ಯಾಡ್ರಿ. 2023ರ ಅಕ್ಟೋಬರ್‌ನಲ್ಲಿ 'ಪುಟಿನ್ ಈ ವಾರವೇ ಯುದ್ಧ ನಿಲ್ಲಿಸಿದರೆ ಬೆಂಬಲಿಸ್ತೀರಾ?' ಅಂತ ಲೆವಾಡಾ ಕೇಳಿದಾಗ ಸುಮಾರು ಶೇ. 70 ಜನ ಹ್ಞೂಂ ಅಂದರು. 'ವಶಪಡಿಸಿಕೊಂಡ ನೆಲ ವಾಪಸ್ ಕೊಟ್ಟು ನಿಲ್ಲಿಸಿದರೆ?' ಅಂದಾಗ ಅದು ಶೇ. 34ರ ಆಸುಪಾಸಿಗೆ ಇಳೀತು.