ಮೊದಲ ಗೇಮಿಂಗ್ ಪಿಸಿಗೆ ಪಟ್ಟಿ ಮಾಡಿದ್ದೇನೆ, ತಪ್ಪಿದ್ದರೆ ಕೊಳ್ಳುವ ಮೊದಲೇ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಎತ್ತಿಟ್ಟು, ಈಗ ನಾನೂ ನನ್ನ ತಮ್ಮನೂ ಸೇರಿ ಒಂದು ಗೇಮಿಂಗ್ ಪಿಸಿ ಅಸೆಂಬಲ್ ಮಾಡಲು ಹೊರಟಿದ್ದೇವೆ. ಇಬ್ಬರಿಗೂ ಇದೇ ಮೊದಲು. ಎರಡು ವಾರ ರಾತ್ರಿ ಕೂತು ಪಟ್ಟಿ ಮಾಡಿದ್ದೇನೆ.

ಪ್ರೊಸೆಸರ್ ರೈಜನ್ 5 5600ಜಿ. ಬಿ450 ಮದರ್‌ಬೋರ್ಡ್. 16 ಜಿಬಿಯ ಒಂದು ರ್ಯಾಮ್ ಸ್ಟಿಕ್, ಡಿಡಿಆರ್4 3200. ಗ್ರಾಫಿಕ್ಸ್ ಕಾರ್ಡ್ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ, 4 ಜಿಬಿ. ವಿಂಡೋಸ್‌ಗೆ 256 ಜಿಬಿ ಎಸ್‌ಎಸ್‌ಡಿ, ಆಟಗಳಿಗೆ 1 ಟಿಬಿ ಹಾರ್ಡ್ ಡಿಸ್ಕ್. ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಡಬ್ಬಿ) 650 ವ್ಯಾಟ್ ಅಂತ ಬರೆದಿದೆ. ಅದು ಕ್ಯಾಬಿನೆಟ್ ಜೊತೆಗೇ ಬರುತ್ತದೆ. ಕ್ಯಾಬಿನೆಟ್ ಮುಂದೆ ಪೂರ್ತಿ ಗಾಜು, ಒಳಗೆ ನಾಲ್ಕು ಬಣ್ಣದ ಫ್ಯಾನ್. ಇದರ ಮೇಲೆ ತಮ್ಮನಿಗೆ ತುಂಬಾ ಮನಸ್ಸು. ಮಾನಿಟರ್ ಮನೆಯಲ್ಲೇ ಇದೆ, 1080ಪಿ, 75 ಹರ್ಟ್ಜ್.

ನಾನು ವ್ಯಾಲರಂಟ್ ಮತ್ತು ಕೌಂಟರ್ ಸ್ಟ್ರೈಕ್ 2 ಆಡುತ್ತೇನೆ. ತಮ್ಮನಿಗೆ ಸೈಬರ್‌ಪಂಕ್ 2077 ಥರದ ದೊಡ್ಡ ಆಟಗಳು ಇಷ್ಟ. ಆಡಿದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಬೇಕು ಅನ್ನೋದು ಅವನ ಆಸೆ. ಬಜೆಟ್ ಈ ಪಟ್ಟಿಗೆ ಸರಿಯಾಗಿ ಮುಗಿಯುತ್ತದೆ. ಒಂದು ಕಡೆ ಹೆಚ್ಚಿಸಿದರೆ ಇನ್ನೊಂದು ಕಡೆ ಇಳಿಸಲೇಬೇಕು. ಎಲ್ಲಿ ಇಳಿಸಲಿ, ಎಲ್ಲಿ ಏರಿಸಲಿ?

ಉತ್ತರ 1

ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಎಎಂ4, ಅದು ಹಳೆಯದು, 2016ರದ್ದು. ಈಗ ಹೊಸದಾಗಿ ದುಡ್ಡು ಹಾಕುವವರು ಎಎಂ5ಗೆ ಹೋಗೋದು ಒಳ್ಳೇದು. ಅದು ಬಂದಿದ್ದು 2022ರಲ್ಲಿ. ಕನಿಷ್ಠ 2027ರವರೆಗೆ ಅದಕ್ಕೆ ಬೆಂಬಲ ಕೊಡುತ್ತೇವೆ ಅಂತ ಎಎಂಡಿಯೇ ಹೇಳಿದೆ. ನಾಳೆ ಪ್ರೊಸೆಸರ್ ಮಾತ್ರ ಬದಲಾಯಿಸಿದರೆ ಸಾಕಾಗುತ್ತದೆ.

ಉತ್ತರ 2

ಪಟ್ಟಿಯನ್ನು ಇಷ್ಟು ವಿವರವಾಗಿ ಹಾಕಿದ್ದು ಒಳ್ಳೆಯದಾಯಿತು. ಸ್ನೇಹಿತರಿಗೆ, ನೆಂಟರ ಮಕ್ಕಳಿಗೆ ಅಂತ ನಾನು ಬಹಳ ವರ್ಷದಿಂದ ಪಿಸಿ ಜೋಡಿಸಿಕೊಡುತ್ತಿದ್ದೇನೆ. ಮೊದಲ ಸಲ ಕೊಳ್ಳುವವರ ದುಡ್ಡು ಹೆಚ್ಚಾಗಿ ಒಂದೇ ಥರದ ಜಾಗದಲ್ಲಿ ಹೋಗುತ್ತದೆ. ಡಬ್ಬದ ಮೇಲಿನ ಹೆಸರು ಹೆಚ್ಚುಕಮ್ಮಿ ಒಂದೇ, ಒಳಗಿನ ವಸ್ತು ಬೇರೆ. ನಿಮ್ಮ ಪಟ್ಟಿಯಲ್ಲಿ ಅಂಥವು ಮೂರು ಇವೆ, ಅದರಲ್ಲಿ ಎರಡು ಒಂದಕ್ಕೊಂದು ತಗುಲಿಕೊಂಡಿವೆ.

ಮೊದಲು ಆ ಎರಡನ್ನೇ ನೋಡೋಣ. 6500 ಎಕ್ಸ್‌ಟಿ ಕಾರ್ಡ್ ಮದರ್‌ಬೋರ್ಡಿನ ಉದ್ದನೆಯ ಸ್ಲಾಟಿನಲ್ಲೇ ಕೂರುತ್ತದೆ. ಆದರೆ ಆ ಸ್ಲಾಟಿನ 16 ಲೇನ್‌ಗಳಲ್ಲಿ, ಅಂದರೆ ಡೇಟಾ ಓಡಾಡುವ ದಾರಿಗಳಲ್ಲಿ, ಅದು ಬಳಸುವುದು ಬರೀ 4. ಸ್ಲಾಟಿನ ಸಂಪರ್ಕ (ಅದರ ಹೆಸರು ಪಿಸಿಐಇ) 4.0 ಇದ್ದರೆ 4 ಲೇನಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಓಡಾಡುತ್ತದೆ, ಹೇಗೋ ನಡೆಯುತ್ತದೆ. ಆದರೆ ನಿಮ್ಮ ಬಿ450 ಬೋರ್ಡ್ ಪಿಸಿಐಇ 3.0. ಅಲ್ಲಿ ಅದೇ 4 ಲೇನಿಗೆ ಸುಮಾರು 4 ಜಿಬಿ, ಅಂದರೆ ಅರ್ಧ. ಸರಿ, ಬೋರ್ಡ್ ಬದಲಾಯಿಸಿ ಬಿ550 ಹಾಕುತ್ತೇನೆ ಅಂದರೂ ಪ್ರಯೋಜನ ಇಲ್ಲ. 5600ಜಿ ಪ್ರೊಸೆಸರೇ ಪಿಸಿಐಇ 3.0. ಎರಡೂ ಕಡೆ ದಾರಿ ಕಿರಿದು.

ಅದರಿಂದ ಏನಾಗುತ್ತದೆ ಅಂತ ಹೇಳುತ್ತೇನೆ. ಕಾರ್ಡಿನ ಮೆಮೊರಿ 4 ಜಿಬಿ. ನಿಮ್ಮ ವ್ಯಾಲರಂಟ್‌ಗೆ ಅದು ಸಾಕು. ತಮ್ಮನ ಸೈಬರ್‌ಪಂಕ್‌ಗೆ ಸಾಲದು. ತುಂಬಿ ಮಿಕ್ಕಿದ ಟೆಕ್ಸ್‌ಚರ್‌ಗಳನ್ನು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳನ್ನು) ಕಾರ್ಡ್ ಪದೇ ಪದೇ ರ್ಯಾಮ್‌ನಿಂದ ತರಿಸಿಕೊಳ್ಳಬೇಕು, ಅದೂ ಈ ಕಿರಿದಾದ ದಾರಿಯಲ್ಲೇ. ಆಗ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಸಂಖ್ಯೆ ಪರವಾಗಿಲ್ಲ ಅಂತ ಕಂಡರೂ, ತಿರುವಿನಲ್ಲಿ ಗಾಡಿ ತಿರುಗಿಸಿದ ಕೂಡಲೇ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಆಡುವವರಿಗೆ ಸಿಟ್ಟು ಬರೋದು ಅಲ್ಲೇ. ಇನ್ನೂ ಒಂದಿದೆ, ಇದನ್ನು ಡಬ್ಬದ ಮೇಲೆ ಯಾರೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ: ಈ ಕಾರ್ಡಿನಲ್ಲಿ ವಿಡಿಯೋ ಎನ್‌ಕೋಡರ್, ಅಂದರೆ ಪರದೆಯ ಚಿತ್ರವನ್ನು ವಿಡಿಯೋ ಫೈಲ್ ಮಾಡುವ ಭಾಗ, ಇಲ್ಲವೇ ಇಲ್ಲ. ರೆಕಾರ್ಡಿಂಗ್ ಕೆಲಸ ಕಾರ್ಡಿನಿಂದ ಆಗುವುದಿಲ್ಲ. ಯೂಟ್ಯೂಬ್ ಆಸೆ ಇರುವ ಹುಡುಗನಿಗೆ ಇದನ್ನು ಕೊಡಿಸಬೇಡಿ, ದಯವಿಟ್ಟು.

ಅದರ ಬದಲು ಆರ್‌ಎಕ್ಸ್ 6600 ತೆಗೆದುಕೊಳ್ಳಿ. 8 ಜಿಬಿ ಮೆಮೊರಿ, 8 ಲೇನ್, ಎನ್‌ಕೋಡರ್ ಇದೆ, ಎಳೆಯುವ ವಿದ್ಯುತ್ 132 ವ್ಯಾಟ್. 1080ಪಿ ಮಾನಿಟರಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ರೊಸೆಸರ್ 5600ಜಿ ಬೇಡ, ‘ಜಿ’ ಇಲ್ಲದ 5600 ಇರಲಿ. ಎರಡರಲ್ಲೂ 6 ಕೋರ್, 12 ಥ್ರೆಡ್. ಆದರೆ 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗೇ ಇರುವ ವೇಗದ ಮೆಮೊರಿ) 32 ಎಂಬಿ, ಜಿಯಲ್ಲಿ 16 ಎಂಬಿ. ನಿಮ್ಮ ಕೌಂಟರ್ ಸ್ಟ್ರೈಕ್ ಥರದ ಆಟ ಕಾರ್ಡಿಗಿಂತ ಪ್ರೊಸೆಸರನ್ನೇ ಹೆಚ್ಚು ದುಡಿಸುತ್ತದೆ, ಅಲ್ಲಿ ಈ ಕ್ಯಾಶ್ ಲೆಕ್ಕಕ್ಕೆ ಬರುತ್ತದೆ. 5600ಜಿ ಕೆಟ್ಟದ್ದಲ್ಲ. ಆರು ತಿಂಗಳು ಕಾರ್ಡ್ ಇಲ್ಲದೆ ಓಡಿಸುವವರಿಗೆ ಅದು ಬಹಳ ಒಳ್ಳೆಯದು, ಒಳಗೇ ಗ್ರಾಫಿಕ್ಸ್ ಇರುತ್ತದೆ. ನೀವು ಕಾರ್ಡನ್ನು ಅದೇ ದಿನ ಕೊಳ್ಳುತ್ತೀರಿ, ಆಮೇಲೆ ಆ ಒಳಗಿನ ಗ್ರಾಫಿಕ್ಸ್ ಸುಮ್ನೆ ಕೂತಿರುತ್ತದೆ. ಬೋರ್ಡ್ ಬಿ550 ಆದರೆ ಒಳ್ಳೆಯದು. ದುಡ್ಡು ಸಾಲದಿದ್ದರೆ ಬಿ450 ಇರಲಿ, 8 ಲೇನಿನ ಕಾರ್ಡಿಗೆ ನಷ್ಟ ಕಡಿಮೆ. ಆದರೆ 5600 ಗುರುತಿಸುವಷ್ಟು ಹೊಸ ಬಯೋಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅದರಲ್ಲಿ ಇದೆಯಾ ಅಂತ ಕೊಳ್ಳುವಾಗಲೇ ಕೇಳಿ.

ಮೂರನೆಯದು ಎಸ್‌ಎಂಪಿಎಸ್. ಇದರ ಬಗ್ಗೆ ನನಗೆ ತುಂಬಾ ಹೇಳಲಿಕ್ಕಿದೆ. ನನ್ನ ಎರಡನೇ ಪಿಸಿಯಲ್ಲಿ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ಸನ್ನೇ ಇಟ್ಟುಕೊಂಡಿದ್ದೆ. ಎಂಟು ತಿಂಗಳು ಏನೂ ಆಗಲಿಲ್ಲ. ಒಂದು ಸಂಜೆ ಆಟದ ಮಧ್ಯೆ ಹಿಂದಿನಿಂದ ಟಪ್ ಅಂತ ಸದ್ದು, ಪರದೆ ಕಪ್ಪು, ಆಮೇಲೆ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಮದರ್‌ಬೋರ್ಡೂ ಹೋಗಿತ್ತು, ಕಾರ್ಡೂ ಹೋಗಿತ್ತು. ಅವತ್ತಿನಿಂದ ನಾನು ಮೊದಲು ನೋಡುವುದು ಎಸ್‌ಎಂಪಿಎಸ್ ಪಕ್ಕದ ಸ್ಟಿಕ್ಕರ್.

ನೀವೂ ನೋಡಿ. ಅದರ ಮೇಲೆ ಒಂದು ಸಣ್ಣ ಕೋಷ್ಟಕ ಇರುತ್ತದೆ. +12ವಿ ಅಂತ ಬರೆದಿರುವ ಕಡೆ ಎಷ್ಟು ಆಂಪಿಯರ್ ಅಂತ ಓದಿ, 12ರಿಂದ ಗುಣಿಸಿ. ಕಾರ್ಡೂ ಪ್ರೊಸೆಸರೂ ವಿದ್ಯುತ್ ಎಳೆಯುವುದು ಆ ಸಾಲಿನಿಂದಲೇ. ಒಳ್ಳೆಯ 550 ವ್ಯಾಟಿನದರಲ್ಲಿ ಅಲ್ಲಿ 45 ಆಂಪಿಯರ್ ಹತ್ತಿರ ಇರುತ್ತದೆ, ಅಂದರೆ 540 ವ್ಯಾಟ್. ನಿಮ್ಮದರಲ್ಲಿ ಎಷ್ಟಿದೆ ಅಂತ ನೋಡಿ ಇಲ್ಲಿ ಹೇಳಿ. ‘80 ಪ್ಲಸ್’ ಗುರುತು ಇದ್ದ ಮಾತ್ರಕ್ಕೆ ನೆಮ್ಮದಿಯಾಗಿ ಇರಬೇಡಿ. ಅದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವ ಲೆಕ್ಕ ಅಷ್ಟೇ. ಶಾರ್ಟ್ ಆದಾಗ, ವೋಲ್ಟೇಜ್ ಏರಿದಾಗ ತಾನೇ ಆಫ್ ಆಗುವ ರಕ್ಷಣೆ ಇದೆಯಾ, ವಾರಂಟಿ ಎಷ್ಟು ವರ್ಷ, ಇವನ್ನು ನೋಡಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ರ್ಯಾಮ್ 16ರ ಒಂದು ಸ್ಟಿಕ್ ಬದಲು 8ರ ಎರಡು ಹಾಕಿ. ಒಂದು ಸ್ಟಿಕ್ಕಿಗೆ (ಸಿಂಗಲ್ ಚಾನೆಲ್) ಸೆಕೆಂಡಿಗೆ 25.6 ಜಿಬಿ, ಎರಡೂ ಒಟ್ಟಿಗೆ ಕೆಲಸ ಮಾಡಿದರೆ (ಡ್ಯುಯಲ್ ಚಾನೆಲ್) 51.2. ಎರಡು ಡಿಸ್ಕ್ ಬೇಡ, 1 ಟಿಬಿಯ ಒಂದೇ ಎನ್‌ವಿಎಂಇ (ವೇಗದ ಥರದ) ಎಸ್‌ಎಸ್‌ಡಿ ಸಾಕು. ಸೈಬರ್‌ಪಂಕ್ 2023ರಿಂದ ಎಸ್‌ಎಸ್‌ಡಿಯನ್ನೇ ಕೇಳುತ್ತದೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಅಂದರೆ, ಕ್ಯಾಬಿನೆಟ್‌ನಿಂದ. ತಮ್ಮನಿಗೆ ಬೇಜಾರಾಗುತ್ತದೆ, ಗೊತ್ತು. ಆದರೆ ಮುಂದೆ ಪೂರ್ತಿ ಗಾಜು ಇದ್ದರೆ ಆ ಫ್ಯಾನ್‌ಗಳು ಗಾಳಿಯನ್ನು ಎಲ್ಲಿಂದ ಎಳೆಯಬೇಕು ಹೇಳಿ. ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್, ಒಳಗೆ ಎಳೆಯಲು ಎರಡು ಫ್ಯಾನ್, ಹಿಂದೆ ಹೊರಗೆ ತಳ್ಳಲು ಒಂದು. ಬಣ್ಣದ ದೀಪ ಯಾವಾಗ ಬೇಕಾದರೂ ಹಾಕಬಹುದು, ಕಾರ್ಡಿನ ಮೆಮೊರಿ ಆಮೇಲೆ ಹೆಚ್ಚಿಸಲು ಆಗುವುದಿಲ್ಲ.

ಎಎಂ5 ಬಗ್ಗೆ ಮೊದಲನೇ ಉತ್ತರದವರು ಹೇಳಿದ್ದು ತಪ್ಪಲ್ಲ. ಬಜೆಟ್ ಸ್ವಲ್ಪ ಸಡಿಲ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅದಕ್ಕೆ ಡಿಡಿಆರ್5 ಬೇಕೇ ಬೇಕು, ಬೋರ್ಡೂ ದುಬಾರಿ. 2025ರ ಕೊನೆಯಲ್ಲಿ ರ್ಯಾಮ್ ಬೆಲೆ ಹೇಗೆ ಏರಿತು ಅಂತ ಎಲ್ಲರೂ ನೋಡಿದ್ದೇವೆ. ಈ ಬಜೆಟ್ಟಿನಲ್ಲಿ ಎಎಂ5ಗೆ ಹೋದರೆ ಕಾರ್ಡನ್ನೇ ಇಳಿಸಬೇಕಾಗುತ್ತದೆ. ನಾಲ್ಕು ವರ್ಷದ ನಂತರದ ಪ್ರೊಸೆಸರಿಗಾಗಿ ಇವತ್ತಿನ ಆಟ ಕೆಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಸರ್, ಸ್ಟಿಕ್ಕರ್ ಫೋಟೋ ತರಿಸಿಕೊಂಡು ನೋಡಿದೆ. +12ವಿ ಕೆಳಗೆ 30 ಆಂಪಿಯರ್ ಅಂತ ಇದೆ. ಅಂದರೆ 360 ವ್ಯಾಟ್. ಮೇಲೆ ದೊಡ್ಡದಾಗಿ 650 ಅಂತಲೇ ಬರೆದಿದೆ! ತಮ್ಮನಿಗೂ ತೋರಿಸಿದೆ, ಗಾಜಿನ ಕ್ಯಾಬಿನೆಟ್ ಬೇಡ ಅಂತ ಅವನೇ ಹೇಳಿದ. ಎನ್‌ಕೋಡರ್ ವಿಷಯ ಕೇಳಿ ಅವನಿಗೆ ಗಾಬರಿಯೇ ಆಯಿತು. ಆದರೆ ಹೊಸ 6600 ತೆಗೆದುಕೊಂಡರೆ ಬಜೆಟ್ ಇನ್ನೂ ಸ್ವಲ್ಪ ಮೀರುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದಾ?

ಉತ್ತರ 3

ನಾನು ಸೆಕೆಂಡ್ ಹ್ಯಾಂಡ್ ಕಾರ್ಡನ್ನೇ ಎರಡು ವರ್ಷದಿಂದ ಬಳಸುತ್ತಿದ್ದೇನೆ, ತೊಂದರೆ ಇಲ್ಲ. ಆದರೆ ಓಡುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಮಾರುವವರ ಪಿಸಿಯಲ್ಲೇ ಒಂದು ಭಾರಿ ಆಟವನ್ನು ಅರ್ಧ ಗಂಟೆ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬರುತ್ತಾ ನೋಡಿ. ಕಾರ್ಡಿನ ಫ್ಯಾನ್ ಗರಗರ ಅನ್ನುತ್ತಾ ಅಂತ ಕಿವಿಗೊಟ್ಟು ಕೇಳಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಹೆಸರು, ಮೆಮೊರಿ ಎರಡೂ ಸರಿ ಇದೆಯಾ ನೋಡಿ. ಬಿಲ್ ಇದ್ದು ವಾರಂಟಿ ಉಳಿದಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಎನ್ವಿಡಿಯಾದ್ದು ಸಿಕ್ಕರೆ ಆರ್‌ಟಿಎಕ್ಸ್ 3060 ಕೂಡ ಚೆನ್ನಾಗಿದೆ. ಆದರೆ ಅಲ್ಲೂ ಹೆಸರಿನ ಗೊಂದಲ ಇದೆ. 12 ಜಿಬಿಯದ್ದರಲ್ಲಿ ಮೆಮೊರಿ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) 192 ಬಿಟ್, 8 ಜಿಬಿಯದ್ದರಲ್ಲಿ 128 ಬಿಟ್. ಎರಡಕ್ಕೂ 3060 ಅಂತಲೇ ಹೆಸರು. 12ರದ್ದನ್ನೇ ಕೇಳಿ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಕಾರ್ಡ್ ಸೆಕೆಂಡ್ ಹ್ಯಾಂಡ್ ಆಗಬಹುದು, ಎಸ್‌ಎಂಪಿಎಸ್ ಮಾತ್ರ ಹೊಸದೇ ಇರಲಿ.

ನಿಮ್ಮದು ಮೊದಲ ಸಲ ಅಲ್ವಾ, ಜೋಡಿಸುವಾಗ ಕೆಲವು ವಿಷಯ ನೆನಪಿಡಿ. 5600ರ ಕೆಳಗೆ 1331 ಪಿನ್ ಇವೆ, ಕೂದಲಿನಷ್ಟು ತೆಳು. ಪ್ರೊಸೆಸರಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ತ್ರಿಕೋನ ಇದೆ, ಸಾಕೆಟ್ಟಿನಲ್ಲೂ ಅದೇ ಗುರುತು. ಎರಡನ್ನೂ ಹೊಂದಿಸಿ ಇಟ್ಟರೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಒತ್ತಬೇಡಿ, ಎತ್ತಿ ಮತ್ತೆ ಇಡಿ. ಜೊತೆಗೆ ಬರುವ ಕೂಲರಿಗೆ ನಾಲ್ಕು ಸ್ಕ್ರೂ. ಅದನ್ನು ಹಾಕುವ ಮೊದಲು ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು. ಆಗ ಹಿಂದಿನ ಲೋಹದ ಪ್ಲೇಟ್ ಬಿದ್ದುಹೋಗುತ್ತದೆ, ತಮ್ಮನಿಗೆ ಕೆಳಗಿನಿಂದ ಹಿಡಿದುಕೊಳ್ಳಲು ಹೇಳಿ. ಸ್ಕ್ರೂಗಳನ್ನು ಒಂದೇ ಸಲ ಪೂರ್ತಿ ಬಿಗಿಯಬೇಡಿ. ಎದುರುಬದುರು ಮೂಲೆಗೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬನ್ನಿ. ಕೂಲರ್ ಕೆಳಗೆ ಪೇಸ್ಟ್ ಮೊದಲೇ ಹಚ್ಚಿರುತ್ತಾರೆ, ಬೆರಳು ತಾಗಿಸಬೇಡಿ.

ಎಸ್‌ಎಂಪಿಎಸ್‌ನಿಂದ ಬರುವ 8 ಪಿನ್ನಿನ ವೈರುಗಳಲ್ಲಿ ಎರಡು ಥರ ಇವೆ, ನೋಡಲು ಒಂದೇ ಥರ. 4+4 ಆಗಿ ಬಿಡಿಸಿಕೊಳ್ಳುವುದು ಪ್ರೊಸೆಸರಿಗೆ. 6+2 ಆಗಿ ಬಿಡಿಸಿಕೊಳ್ಳುವುದು ಕಾರ್ಡಿಗೆ. ಅದಲು ಬದಲು ಮಾಡಿ ಒತ್ತಬೇಡಿ. ಇನ್ನೊಂದು, 5600ಕ್ಕೆ ಒಳಗೆ ಗ್ರಾಫಿಕ್ಸ್ ಇಲ್ಲ. ಮಾನಿಟರ್ ವೈರನ್ನು ಬೋರ್ಡಿಗಲ್ಲ, ಕಾರ್ಡಿಗೇ ಹಾಕಿ.

ವಿಂಡೋಸ್ 11ರಲ್ಲಿ ವ್ಯಾಲರಂಟ್ ತೆರೆಯಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ಸೆಟ್ಟಿಂಗ್‌ಗಳೂ ಆನ್ ಇರಬೇಕು. ಬಯೋಸಿಗೆ ಹೋದಾಗ ಅವನ್ನೂ ನೋಡಿ, ಹಾಗೇ ರ್ಯಾಮ್ ಅನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗನ್ನೂ ಆನ್ ಮಾಡಿ. ಇಲ್ಲದಿದ್ದರೆ 3200ರ ರ್ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಭಾನುವಾರ ಜೋಡಿಸಿದೆವು. 5600, ಬಿ550, 8ರ ಎರಡು ಸ್ಟಿಕ್, ವಾರಂಟಿ ಇನ್ನೂ ಉಳಿದಿರುವ ಸೆಕೆಂಡ್ ಹ್ಯಾಂಡ್ 6600, ಹೊಸ 550 ವ್ಯಾಟ್ ಎಸ್‌ಎಂಪಿಎಸ್. ಬ್ರಾಕೆಟ್ ಬಿಚ್ಚುವಾಗ ತಮ್ಮ ಹಿಂದಿನ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗಿತು, ಪರದೆ ಬರಲಿಲ್ಲ. ಒಂದು ಗಂಟೆ ಹುಡುಕಿದ ಮೇಲೆ ಒಂದು ರ್ಯಾಮ್ ಸ್ಟಿಕ್ಕಿನ ತುದಿ ಪೂರ್ತಿ ಕೂತಿಲ್ಲ ಅಂತ ಕಂಡಿತು. ಒತ್ತಿದಾಗ ಟಕ್ ಅಂದಿತು, ಪರದೆಯೂ ಬಂತು. ಆದರೆ ರ್ಯಾಮ್ ಸಿಂಗಲ್ ಚಾನೆಲ್ ಅಂತ ತೋರಿಸುತ್ತಿದೆ. ಎರಡು ಸ್ಟಿಕ್ಕನ್ನೂ ಪ್ರೊಸೆಸರಿಗೆ ಹತ್ತಿರದ ಮೊದಲ ಎರಡು ಸ್ಲಾಟಿನಲ್ಲಿ ಹಾಕಿದ್ದೇವೆ. ಅದಕ್ಕೇನಾ?

ಉತ್ತರ 2

ಅದಕ್ಕೇ. ಪ್ರೊಸೆಸರಿನ ಕಡೆಯಿಂದ ಎಣಿಸಿ 2ನೇ ಮತ್ತು 4ನೇ ಸ್ಲಾಟಿಗೆ ಹಾಕಿ. ಕರೆಂಟ್ ವೈರ್ ತೆಗೆದು ಆಮೇಲೆ ಬದಲಾಯಿಸಿ. ಎಕ್ಸ್‌ಎಂಪಿ ಉಳಿದಿದೆಯಾ ಅಂತ ಬಯೋಸಿನಲ್ಲಿ ಇನ್ನೊಮ್ಮೆ ನೋಡಿ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಮಾನಿಟರ್ 60ರಲ್ಲೇ ನಿಂತಿರಬಹುದು, 75ಕ್ಕೆ ಹಾಕಿ. ತುಂಬಾ ಸಂತೋಷ ಆಯಿತು.

ಪ್ರಶ್ನೆ ಕೇಳಿದವರು

ಬದಲಾಯಿಸಿದೆ, ಡ್ಯುಯಲ್ ಚಾನೆಲ್ ಬಂತು. ಮಾನಿಟರ್ ಹೌದು, 60ರಲ್ಲೇ ಇತ್ತು. ತಮ್ಮ ಈಗಲೇ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಶುರು ಮಾಡಿದ್ದಾನೆ. ನನ್ನ ಸರದಿ ರಾತ್ರಿ ಊಟದ ಮೇಲೆ.