ದಿನಾ ಅಡುಗೆ ಮಾಡೋರಿಗೆ ಒಂದು ಪ್ರಶ್ನೆ: ನಿಮಗೆ ಅದು ಖುಷಿಯಾ, ಹೊರೆಯಾ?

ನಮಸ್ಕಾರ. ನಾವು ತುಮಕೂರು ಕಡೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಮನೆಯಲ್ಲಿ ನಾನು, ಇಬ್ಬರು ಮಕ್ಕಳು, ನಮ್ಮಪ್ಪ. ನನ್ನ ಹೆಂಡತಿಗೆ ಜೂನ್‌ನಲ್ಲಿ ಕಲಬುರಗಿಗೆ ವರ್ಗವಾಯಿತು. ತಿಂಗಳಿಗೆ ಎರಡು ಸಲ ಬರುತ್ತಾಳೆ. ಅವತ್ತಿನಿಂದ ಅಡುಗೆ ನನ್ನದು.

ಮುಂಚೆ ಯಾರಾದರೂ ಕೇಳಿದ್ದರೆ ‘ಅಡುಗೆ ಅಂದ್ರೆ ನಂಗೆ ಪ್ರಾಣ’ ಅಂತ ಹೇಳುತ್ತಿದ್ದೆ. ಭಾನುವಾರ ಬಂತು ಅಂದರೆ ಬಿರಿಯಾನಿ, ಇಲ್ಲ ನಾಟಿಕೋಳಿ ಸಾರು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಒಂದೂವರೆಗೆ ಊಟ. ನೆಂಟರೆಲ್ಲ ಬೆರಳು ಚೀಪಿಕೊಂಡು ಹೊಗಳುತ್ತಿದ್ದರು. ಆದರೆ ಹಿಂದಿನ ದಿನವೇ ಪುದೀನ, ಕೊತ್ತಂಬರಿ ಬಿಡಿಸಿಟ್ಟಿದ್ದು ಅವಳು. ಈರುಳ್ಳಿ ಸುಲಿದು ಕೊಟ್ಟಿದ್ದು ಅವಳು. ಆಮೇಲೆ ಸಿಂಕ್ ತುಂಬಾ ಬಿದ್ದ ಪಾತ್ರೆ ತೊಳೆದಿದ್ದೂ ಅವಳೇ. ಇದು ನನ್ನ ಕಣ್ಣಿಗೆ ಬೀಳೋದಕ್ಕೆ ಹನ್ನೆರಡು ವರ್ಷ ಬೇಕಾಯಿತು.

ಈಗ ಐದೂವರೆಗೆ ಏಳುತ್ತೇನೆ. ಏಳೂ ನಲವತ್ತಕ್ಕೆ ಸ್ಕೂಲ್ ವ್ಯಾನ್ ಬರುತ್ತದೆ. ಅಷ್ಟರೊಳಗೆ ತಿಂಡಿ, ಎರಡು ಡಬ್ಬಿ, ಅಪ್ಪನಿಗೆ ಮಧ್ಯಾಹ್ನಕ್ಕೆ ಅನ್ನ ಸಾರು. ಹೆಚ್ಚೋದು, ರುಬ್ಬೋದು, ಒಗ್ಗರಣೆ ಹಾಕೋದು ಇದ್ಯಾವುದೂ ನನಗೆ ಬೇಜಾರಿಲ್ಲ. ಬೇಜಾರು ಏನು ಅಂದರೆ ಯೋಚನೆ. ರಾತ್ರಿ ಮಲಗಿದ ಮೇಲೆ ನೆನಪಾಗುತ್ತದೆ, ಉದ್ದಿನಬೇಳೆ ನೆನೆಹಾಕಿಲ್ಲ. ಮಗಳು ಬದನೆಕಾಯಿ ಮುಟ್ಟಲ್ಲ, ಮಗನಿಗೆ ಉಪ್ಪಿಟ್ಟು ಆಗಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಫ್ರಿಜ್‌ನಲ್ಲಿ ಅರ್ಧ ಕಟ್ಟು ಮೆಂತ್ಯ ಸೊಪ್ಪು ಬಾಡುತ್ತಿದೆ. ಇದೆಲ್ಲ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಆಫೀಸಿನಲ್ಲಿ ಕೂತಿದ್ದರೂ ಅಷ್ಟೇ.

ಹಾಗಂತ ಖುಷಿ ಪೂರ್ತಿ ಹೋಗಿಲ್ಲ. ರಾತ್ರಿ ಮುದ್ದೆ ಮಾಡುವಾಗ ಬರುತ್ತದೆ. ಎಸರು ಕುದಿಯುವಾಗ ರಾಗಿಹಿಟ್ಟನ್ನು ನಡುವೆ ಗುಡ್ಡೆ ಸುರಿದು, ಕೋಲಿನಲ್ಲಿ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಬೇಯಲು ಬಿಡುತ್ತೇನೆ. ತೂತಿನಿಂದ ನೀರು ಬುಳುಬುಳು ಅಂತ ಉಕ್ಕಿ ಬರುತ್ತದೆ. ಆಮೇಲೆ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ತೊಳಸಬೇಕು. ಮೊದಲ ತಿಂಗಳು ಬರೀ ಗಂಟು. ‘ಕೈ ಒದ್ದೆ ಮಾಡಿಕೊಂಡು ಮುಟ್ಟಿ ನೋಡೋ, ಅಂಟಲಿಲ್ಲ ಅಂದ್ರೆ ಬೆಂದಿದೆ’ ಅಂತ ಅಪ್ಪ ಹೇಳಿಕೊಟ್ಟರು. ಅಮ್ಮ ಮಾಡುವುದನ್ನು ನಲವತ್ತು ವರ್ಷ ನೋಡಿದ್ದರಂತೆ. ಒಂದು ದಿನವೂ ಕೋಲು ಹಿಡಿದವರಲ್ಲ. ಈಗ ನಾನು ತೊಳಸುವಾಗ ಅವರು ಪಾತ್ರೆ ಹಿಡಿದುಕೊಳ್ಳುತ್ತಾರೆ. ಆ ಐದು ನಿಮಿಷ ನನಗೆ ತುಂಬಾ ಇಷ್ಟ.

ನಿಮಗೆ ಹೇಗೆ? ಸುಮ್ನೆ ‘ಇಷ್ಟ’, ‘ಕಷ್ಟ’ ಅಂತ ಬಿಡಬೇಡಿ. ಯಾವುದು ಇಷ್ಟ, ಯಾವುದು ಭಾರ, ಬಿಡಿಸಿ ಬರೆಯಿರಿ.

ಉತ್ತರ 1 (ಧಾರವಾಡದಿಂದ)

ಅಣ್ಣಾರ, ಆ ಪಾತ್ರೆ ತೊಳೆದ ಮಾತು ಓದಿ ಕಣ್ಣಲ್ಲಿ ನೀರು ಬಂತು. ನಾನು ಹೈಸ್ಕೂಲ್ ಟೀಚರ್. ಮದುವೆಯಾಗಿ ಹದಿನೆಂಟು ವರ್ಷ.

ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಸಂಬಳ ಇಲ್ಲದ ಮನೆಗೆಲಸಕ್ಕೆ ಆಗ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅದೂ ಮನೆಗೆಲಸ ಮಾಡುವ ಗಂಡಸರನ್ನಷ್ಟೇ ಲೆಕ್ಕ ಹಿಡಿದಾಗ. 299 ಅಂದರೆ ಹೆಚ್ಚುಕಡಿಮೆ ಐದು ತಾಸು. ನಾನೂ ಒಂದು ದಿನ ಗಡಿಯಾರ ನೋಡಿ ಬರೆದಿಟ್ಟೆ. ನನ್ನದೂ ಅಷ್ಟೇ ಬಂತು.

ನನಗೆ ಭಾರ ಆಗಿದ್ದು ರೊಟ್ಟಿ. ದಿನಾ ಹದಿನಾಲ್ಕು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಬೇಕು, ಬಡಿಯಬೇಕು, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಬೇಸಿಗೆಯಲ್ಲಿ ಒಲೆ ಮುಂದೆ ನಿಂತರೆ ಜೀವ ಹೋದ ಹಾಗೆ. ಭುಜ ಹಿಡಿದುಕೊಂಡ ಮೇಲೆ, ನಮ್ಮ ಓಣಿಯಲ್ಲೇ ರೊಟ್ಟಿ ಬಡಿದು ಮಾರುವ ಅಕ್ಕನ ಹತ್ತಿರ ಖಡಕ್ ರೊಟ್ಟಿ ಹಚ್ಚಿಕೊಂಡೆ. ಮನೆಯಲ್ಲಿ ಮಾತು ಬಂತು. ನಾನು ಬಿಡಲಿಲ್ಲ.

ಈಗ ಎಣ್ಣೆಗಾಯಿ ಮಾಡಲು ಪುರುಸೊತ್ತು ಸಿಗುತ್ತದೆ. ಶೇಂಗಾ, ಗುರೆಳ್ಳು ಹುರಿದು ಪುಡಿ ಮಾಡಿ ಎಳೆ ಬದನೆಕಾಯಿಗೆ ತುಂಬುವಾಗ ಬರುವ ವಾಸನೆ ಇದೆಯಲ್ಲ, ಅದಕ್ಕಾಗಿ ಇನ್ನೊಂದು ತಾಸು ಬೇಕಾದರೂ ನಿಲ್ಲುತ್ತೇನೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ಯಬೇಕಲ್ಲ, ಆಗ ತವರಿನಲ್ಲಿ ಆರು ಮಂದಿ ಹೆಂಗಸರು ಸುತ್ತ ಕೂತು ಎರಡು ದಿನ ಸಜ್ಜೆ ರೊಟ್ಟಿ ಬಡಿಯುತ್ತೇವೆ. ಕೆಲಸ ಅದೇ. ನೂರಾರು ರೊಟ್ಟಿ. ಆದರೆ ದಣಿವು ಗೊತ್ತೇ ಆಗುವುದಿಲ್ಲ. ಒಬ್ಬಳೇ ನಿಂತು ಹದಿನಾಲ್ಕು ಬಡಿಯುವುದೇ ಕಷ್ಟ.

ಉತ್ತರ 2 (ಶಿರಸಿಯಿಂದ)

ತಮ್ಮಾ, ನನಗೆ ಅರವತ್ತೇಳು. ಕಟ್ಟಿಗೆ ಒಲೆ ಊದಿ, ಒರಳಲ್ಲಿ ರುಬ್ಬಿ ಅಡುಗೆ ಮಾಡಿದವಳು. ಇಷ್ಟವೋ ಕಷ್ಟವೋ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ನೀನು ಕೇಳಿದ್ದಕ್ಕೆ ಸಂತೋಷವಾಯಿತು.

ಯೋಚನೆಯ ಭಾರ ಅಂದೆಯಲ್ಲ, ಅದು ಸತ್ಯ. ಕ್ಯಾಲೆಂಡರಿನ ಹಿಂದೆ ಏಳು ದಿನದ ತಿಂಡಿ ಬರೆದು ಹಾಕು. ಮಕ್ಕಳ ಕೈಯಲ್ಲೇ ಬರೆಸು. ಮಂಗಳವಾರ ಉಪ್ಪಿಟ್ಟು ಅಂತ ಅವರೇ ಬರೆದಿದ್ದರೆ ಅವತ್ತು ತಕರಾರು ಕಮ್ಮಿ.

ತೀರಾ ದಣಿದ ದಿನ ತಂಬುಳಿ ಮಾಡು. ಕುಂಡದಲ್ಲಿ ದೊಡ್ಡಪತ್ರೆ ಬೆಳೆಸಿಕೋ. ಹತ್ತು ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸು. ಉಪ್ಪು ಹಾಕು. ಕುದಿಸುವುದು ಬೇಡ. ಬಿಸಿ ಅನ್ನಕ್ಕೆ ಅಷ್ಟು ಸಾಕು.

ಉತ್ತರ 3 (ಜರ್ಮನಿಯಿಂದ)

ಸರ್, ನಾನು ಇಲ್ಲಿ ಓದುತ್ತಿದ್ದೇನೆ. ನನ್ನದು ಉಲ್ಟಾ ಕಥೆ. ಒಬ್ಬನಿಗೇ ಅಂತ ಅಡುಗೆ ಮಾಡಲು ಮನಸ್ಸೇ ಬರಲ್ಲ. ಬ್ರೆಡ್ ತಿಂದು ಮಲಗುತ್ತೇನೆ. ಶನಿವಾರ ನಾಲ್ಕು ಜನ ಕನ್ನಡದ ಹುಡುಗರು ಸೇರಿದರೆ ಅಮ್ಮ ಕಳಿಸಿದ ಸಾರಿನ ಪುಡಿ ಡಬ್ಬಿ ತೆಗೆಯುತ್ತೇನೆ. ಮುಚ್ಚಳ ತೆಗೆದ ತಕ್ಷಣ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಪುಡಿ ಮುಗಿಯುತ್ತಾ ಬಂದಿದೆ, ಈಗ ಚಮಚ ಲೆಕ್ಕದಲ್ಲಿ ಹಾಕುತ್ತಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಅಮ್ಮಾ, ಪಟ್ಟಿ ಬರೆಸಿದೆ. ಮಗ ಉಪ್ಪಿಟ್ಟನ್ನು ಬಿಟ್ಟೇಬಿಟ್ಟಿದ್ದ, ಅಪ್ಪ ಸೇರಿಸಿದರು. ಅಕ್ಕಾ, ನಾನೂ ವಾರದಲ್ಲಿ ಎರಡು ದಿನ ದೋಸೆ ಹಿಟ್ಟು ಅಂಗಡಿಯಿಂದ ತರುತ್ತಿದ್ದೇನೆ. ಇನ್ನು ಅದಕ್ಕೆ ಮನಸ್ಸಿನಲ್ಲಿ ಅಳುಕು ಇಟ್ಟುಕೊಳ್ಳಲ್ಲ.

ಈ ಶನಿವಾರ ನನ್ನ ಹೆಂಡತಿ ಬಂದಿದ್ದಳು. ಅವರೆಕಾಯಿ ಕಾಲ ಅಲ್ವಾ, ಎರಡು ಕೆಜಿ ತಂದು ಬಿಡಿಸಿ, ಕಾಳನ್ನು ರಾತ್ರಿ ನೆನೆಹಾಕಿದ್ದೆವು. ಬೆಳಿಗ್ಗೆ ಐದೂ ಜನ ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು ಹಿತುಕಲು ಕೂತೆವು. ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ ಅಂತ ಹಾರುತ್ತದೆ. ಮಗನದು ಒಂದು ಟಿವಿ ಕೆಳಗೆ ಹೋಯಿತು. ‘ಇಷ್ಟು ದಿನ ನಾನೊಬ್ಬಳೇ ಕೂತು ಮಾಡ್ತಿದ್ದೆ’ ಅಂದಳು. ಸಿಟ್ಟಿನಿಂದ ಅಲ್ಲ, ಸುಮ್ನೆ ಹೇಳಿದಳು. ನಾನು ಏನೂ ಅನ್ನಲಿಲ್ಲ. ಸಾರು, ಮುದ್ದೆ ಎರಡೂ ನಾನೇ ಮಾಡಿದೆ. ಊಟ ಆದ ಮೇಲೆ ಅವಳು ಸಿಂಕ್ ಕಡೆ ಹೊರಟಳು. ಕೈ ಹಿಡಿದು ಕೂರಿಸಿ ಪಾತ್ರೆ ತೊಳೆದೆ. ಮುದ್ದೆ ಪಾತ್ರೆಗೆ ಮಾತ್ರ ನೀರು ಹಾಕಿ ಬಿಟ್ಟಿದ್ದೇನೆ, ಅದು ನೆನೆಯಬೇಕು.