ಮಳೆಗಾಲಕ್ಕೆ ಮುಂಚೆ ದಡಕ್ಕೆ ಬರುವ ಟಾರ್ ಉಂಡೆ: ಯಾವ ಹಡಗಿನದ್ದೆಂದು ಹಿಡಿಯಲು ಆಗ್ತದಾ?

ಪಡುಕಡಲು:
ಉಡುಪಿ ಕಡೆಯ ಬೀಚ್ ನಿರ್ವಹಣಾ ಸಮಿತಿಯ ಪರವಾಗಿ ಕೇಳ್ತಿದ್ದೇನೆ. ಮೇ ಕೊನೆಗೆ ಗಾಳಿ ತಿರುಗಿದ ಕೂಡಲೇ ಕಪ್ಪು ಟಾರ್ ಉಂಡೆಗಳು ಬರಲು ಶುರು. ಗೋಲಿಯಷ್ಟರಿಂದ ಅಂಗೈಯಷ್ಟು ದೊಡ್ಡದರವರೆಗೆ ಇರ್ತವೆ. ಹೊರಗೆ ಮರಳು ಮೆತ್ತಿ ಗಟ್ಟಿ, ಮುರಿದರೆ ಒಳಗೆ ಮಿರಿಮಿರಿ ಅಂಟು. ಕೆಲವರು ಇದು ಮೀನುಗಾರಿಕಾ ಬೋಟುಗಳ ಎಣ್ಣೆ ಅಂತಾರೆ, ಕೆಲವರು ಟ್ಯಾಂಕರ್‌ಗಳದ್ದು ಅಂತಾರೆ. ಹಡಗುಗಳಿಗೆ ಕಾನೂನು ಇಲ್ವಾ? ಸ್ಯಾಂಪಲ್ ತೆಗೆದು ಕಳಿಸಿದರೆ ಪ್ರಯೋಜನ ಉಂಟಾ? ಹೆಕ್ಕಿದ್ದನ್ನು ಏನು ಮಾಡುವುದು?

ಇಂಜಿನ್‌ರೂಮ್:
ಮೊದಲು ಬೋಟಿನವರ ಮೇಲಿನ ಆರೋಪ ಬಿಡಿ. ಬೋಟಿನಿಂದ ಬೀಳುವುದು ಡೀಸೆಲ್, ಹಳೆ ಇಂಜಿನ್ ಆಯಿಲ್. ಅದು ನೀರಿನ ಮೇಲೆ ತೆಳ್ಳಗೆ ಹರಡ್ತದೆ, ಡೀಸೆಲ್ ಬಹುಪಾಲು ಆವಿಯಾಗಿ ಹೋಗ್ತದೆ, ಉಂಡೆ ಕಟ್ಟುವುದಿಲ್ಲ. ಉಂಡೆ ಆಗಬೇಕಾದರೆ ಕಚ್ಚಾ ತೈಲವೋ ಫರ್ನೇಸ್ ಆಯಿಲೋ (ದೊಡ್ಡ ಹಡಗು ಉರಿಸುವ ದಪ್ಪ ಇಂಧನ) ಬೇಕು. (ಹಾಗಂತ ಬಂದರಿನ ನೀರಿಗೆ ಹಳೆ ಆಯಿಲ್ ಸುರಿಯುವುದು ಸರಿ ಅಂತಲ್ಲ. ಅದೊಂದು ಬೇರೆ ರೋಗ.)

ಕಾನೂನು ಗಟ್ಟಿಯಾಗಿಯೇ ಉಂಟು. ಹಡಗುಗಳ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಒಂದನೇ ಅನುಬಂಧದ ಪ್ರಕಾರ 400 ಗ್ರಾಸ್ ಟನ್ (ಹಡಗಿನ ಒಟ್ಟು ಒಳಗಾತ್ರದ ಅಳತೆ) ಮತ್ತು ಮೇಲ್ಪಟ್ಟ ಹಡಗು ಇಂಜಿನ್ ಕೋಣೆಯ ಬಿಲ್ಜ್ ನೀರನ್ನು, ಅಂದರೆ ತಳದಲ್ಲಿ ಸೇರುವ ಎಣ್ಣೆ ಬೆರೆತ ನೀರನ್ನು, ಎಣ್ಣೆ ಬೇರ್ಪಡಿಸುವ ಸೆಪರೇಟರ್ ಮೂಲಕವೇ ಬಿಡಬೇಕು. ಹಡಗು ಚಲಿಸುತ್ತಿರಬೇಕು, ಹೊರಹೋಗುವ ನೀರಿನಲ್ಲಿ ಎಣ್ಣೆ 15 ಪಿಪಿಎಂ (ಹತ್ತು ಲಕ್ಷದಲ್ಲಿ 15 ಪಾಲು) ಮೀರಬಾರದು, ಬೇರೆ ನೀರು ಬೆರೆಸಿ ಆ ಲೆಕ್ಕ ತಲುಪುವ ಹಾಗಿಲ್ಲ. ಚಿಕ್ಕ ಹಡಗುಗಳಿಗೂ ವಿನಾಯಿತಿ ಇಲ್ಲ: ಒಂದೋ ಟ್ಯಾಂಕಿನಲ್ಲಿ ಇಟ್ಟುಕೊಳ್ಳಬೇಕು, ಇಲ್ಲಾ 15ಕ್ಕಿಂತ ಕೆಳಗೆ ತಂದೇ ಬಿಡಬೇಕು. ಟ್ಯಾಂಕರ್‌ಗಳ ಸರಕು ಟ್ಯಾಂಕ್ ತೊಳೆದ ನೀರಿನ ನಿಯಮ ಬೇರೆ. ದಡದಿಂದ 50 ನಾಟಿಕಲ್ ಮೈಲಿ ಆಚೆ, ಒಂದು ಮೈಲಿಗೆ 30 ಲೀಟರ್ ಎಣ್ಣೆ ಮೀರದಂತೆ, ಈಗಿನ ಟ್ಯಾಂಕರ್‌ಗಳಿಗೆ ಒಟ್ಟು ಸರಕಿನ 30,000ದಲ್ಲಿ ಒಂದು ಪಾಲಿನೊಳಗೆ. ಒಪ್ಪಂದ ಹೆಚ್ಚಿನ ರಕ್ಷಣೆಗೆ ಗುರುತಿಸಿದ 'ವಿಶೇಷ ಪ್ರದೇಶ'ಗಳಲ್ಲಿ ಅಷ್ಟನ್ನೂ ಬಿಡುವ ಹಾಗಿಲ್ಲ.

ಇದನ್ನು ತಪ್ಪಿಸುವ ದಾರಿಗಳೂ ಹಳೆಯವೇ. ಸೆಪರೇಟರ್ ಬಿಟ್ಟು ನೇರ ಸಮುದ್ರಕ್ಕೆ ಒಂದು ತಾತ್ಕಾಲಿಕ ಪೈಪ್ ಜೋಡಿಸುವುದು, ಇಲ್ಲವೇ ಅಳತೆಯ ಸೆನ್ಸರಿಗೆ ಸಿಹಿನೀರು ಹರಿಸಿ ಮೀಟರ್ 'ಸೊನ್ನೆ' ತೋರಿಸುವಂತೆ ಮಾಡುವುದು. ಹಾಗಾಗಿ ಸಿಕ್ಕಿಬೀಳುವುದು ಸಮುದ್ರದಲ್ಲಿ ಕಡಿಮೆ, ಬಂದರಿನಲ್ಲಿ ಜಾಸ್ತಿ. ಹಡಗು ತಪಾಸಣೆ ಮಾಡುವ ಸರ್ವೇಯರು ಆಯಿಲ್ ರೆಕಾರ್ಡ್ ಬುಕ್ (ಹಡಗಿನ ಎಣ್ಣೆ ಲೆಕ್ಕದ ಪುಸ್ತಕ) ತೆರೆದು ಸ್ಲಡ್ಜಿನ, ಅಂದರೆ ಇಂಧನ ಸೋಸಿ ಉಳಿದ ಎಣ್ಣೆ ಕೆಸರಿನ, ಲೆಕ್ಕ ಹಾಕ್ತಾರೆ. ಭಾರೀ ಇಂಧನವನ್ನು ಶುದ್ಧೀಕರಿಸಿ ಉರಿಸುವ ಹಡಗಿನಲ್ಲಿ ಉರಿದ ಇಂಧನದ ಸುಮಾರು ಶೇ 1ರಿಂದ 1.5ರಷ್ಟು ಸ್ಲಡ್ಜ್ ಬರ್ತದೆ. ದಿನಕ್ಕೆ 24 ಟನ್ ಉರಿಸಿದರೆ ಕನಿಷ್ಠ 240 ಕಿಲೋ, 20 ದಿನಕ್ಕೆ 4.8 ಟನ್. ಪುಸ್ತಕದಲ್ಲಿ ಎರಡೇ ಟನ್ ಇದ್ದು, ಅದನ್ನು ಸುಡುವ ಇನ್ಸಿನರೇಟರ್ ಓಡಿದ ಗಂಟೆಯೂ ಹೊಂದದೆ, ಬಂದರಿನಲ್ಲಿ ಇಳಿಸಿದ ರಸೀದಿಯೂ ಇಲ್ಲದಿದ್ದರೆ ಪ್ರಶ್ನೆ ಶುರು. ಆಮೇಲೆ ಪೈಪಿನ ಜೋಡಣೆಯ ಫ್ಲ್ಯಾಂಜ್ ಬಿಚ್ಚಿ ನೋಡ್ತಾರೆ: ಸಮುದ್ರಕ್ಕೆ ಹೋಗುವ ಪೈಪಿನ ಒಳಗೋಡೆಗೆ ಎಣ್ಣೆ ಮೆತ್ತಿದ್ದರೆ ಕತೆ ಮುಗೀತು. ಬೋಲ್ಟಿನ ಬಣ್ಣ ಆಗಾಗ ಸ್ಪ್ಯಾನರ್ ಬಿದ್ದು ಕಿತ್ತಿದ್ದರೂ ಅನುಮಾನವೇ. ಈ ಪುಸ್ತಕವನ್ನು ಕೊನೆಯ ನಮೂದಿನಿಂದ ಮೂರು ವರ್ಷ ಹಡಗಿನಲ್ಲೇ ಇಟ್ಟಿರಬೇಕು.

ರಾಡಾರ್ ನೆರಳು:
ಉಪಗ್ರಹದ ವಿಚಾರ ಸೇರಿಸ್ತೇನೆ, ಜನರಿಗೆ ಅದರ ಮೇಲೆ ನಂಬಿಕೆ ಸ್ವಲ್ಪ ಜಾಸ್ತಿ. ಯುರೋಪಿನ ಸೆಂಟಿನೆಲ್-1, ನಮ್ಮ ಇಒಎಸ್-04 ತರಹದ ಉಪಗ್ರಹಗಳ ರಾಡಾರ್ ಚಿತ್ರದಲ್ಲಿ ಎಣ್ಣೆ ಕಪ್ಪಾಗಿ ಕಾಣ್ತದೆ, ಯಾಕಂದ್ರೆ ಅದು ಸಣ್ಣ ಅಲೆಗಳನ್ನು ಅಡಗಿಸ್ತದೆ. ಗಾಳಿ ಸೆಕೆಂಡಿಗೆ ಸುಮಾರು 3ರಿಂದ 10 ಮೀಟರ್ ಇದ್ದರೆ ಮಾತ್ರ ಇದು ನಡೆಯುವುದು. ಅದಕ್ಕಿಂತ ಕಡಿಮೆಯಾದರೆ ಇಡೀ ಕಡಲೇ ಕಪ್ಪು. ಜಾಸ್ತಿಯಾದರೆ ಎಣ್ಣೆ ನೀರಿನೊಳಗೆ ಕಲಕಿ ಹೋಗ್ತದೆ. ಮುಂಗಾರು ಜೋರಾದ ಮೇಲೆ, ಅಂದರೆ ಉಂಡೆ ಬರುವ ಕಾಲದಲ್ಲೇ, ಈ ಕಣ್ಣು ಮಂಜು. ಬೇಸಿಗೆಯಲ್ಲಿ ಟ್ರೈಕೋಡೆಸ್ಮಿಯಂ ಪಾಚಿ ಹಬ್ಬಿದರೂ ಚಿತ್ರದಲ್ಲಿ ಎಣ್ಣೆಯಂತೆಯೇ ಕಾಣಬಹುದು.

ಹಾಗಾಗಿ ಕಪ್ಪು ಪಟ್ಟಿಯ ಆಕಾರ ನೋಡಬೇಕು. ಉದ್ದಕ್ಕೆ, ಸಪೂರ, ಒಂದು ತುದಿ ಚೂಪಾಗಿ ಅದರ ಮುಂದೆ ಹಡಗಿನ ಬಿಳಿ ಚುಕ್ಕೆ ಇದ್ದರೆ ಅದೇ ಗಳಿಗೆಯ ಎಐಎಸ್ (ಹಡಗುಗಳು ತಮ್ಮ ಗುರುತು, ಸ್ಥಾನ ಸಾರುವ ರೇಡಿಯೋ ವ್ಯವಸ್ಥೆ) ದಾಖಲೆಯಲ್ಲಿ ಹೆಸರು ಸಿಗ್ತದೆ. ಟಾರ್ ಉಂಡೆಗೆ ಈ ಭಾಗ್ಯ ಇಲ್ಲ. ಗಾಳಿಯ ವೇಗದ ಶೇ 3 ಮತ್ತು ಪ್ರವಾಹವನ್ನು ಕೂಡಿಸಿ ಹಿಂದಕ್ಕೆ ಲೆಕ್ಕ ಹಾಕಬಹುದು, ಆದರೆ ದಿನ ಹೆಚ್ಚಾದಷ್ಟೂ ಸಿಗುವ ಜಾಗ ಹಿಗ್ಗುತ್ತಾ ಹೋಗ್ತದೆ. ಮುಂಗಾರಿನಲ್ಲಿ ಕರಾವಳಿಯ ಪ್ರವಾಹ ತೆಂಕಣಕ್ಕೆ ಹರಿಯುವುದರಿಂದ ಮೂಲ ವಾಯವ್ಯಕ್ಕೆ ಇದ್ದೀತು ಎಂಬಷ್ಟು ಹೇಳಬಹುದು. ಉಂಡೆಗೆ ಬಾತುಕೊಕ್ಕಿನಂತಹ ಚಿಪ್ಪುಗಳು ಅಂಟಿ ಬೆಳೆದಿದ್ದರೆ ಅದು ಬಹಳ ಕಾಲ ತೇಲಿದ್ದು, ಲೆಕ್ಕಕ್ಕೆ ಕೂರಬೇಡಿ. ತೈಲ ಸೋರಿಕೆ ಯಾವ ಕಡೆ ಸಾಗಬಹುದೆಂಬ ಮುನ್ಸೂಚನೆಯನ್ನು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇಂಕಾಯ್ಸ್ ಕೊಡ್ತದೆ.

ಲ್ಯಾಬ್‌ಕೋಟು:
ಸ್ಯಾಂಪಲ್ ಖಂಡಿತ ತೆಗೀರಿ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ: ಅದನ್ನು ಮೆದು ಮಾಡುವ ಥ್ಯಾಲೇಟ್ ಎಂಬ ರಾಸಾಯನಿಕ ಎಣ್ಣೆಗೆ ಇಳಿದು, ಎಣ್ಣೆಯ ಅಂಶಗಳನ್ನು ಬಿಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫಿನಲ್ಲಿ ಇಲ್ಲದ ಶಿಖರ ತೋರಿಸ್ತದೆ. ನೈಟ್ರೈಲ್ ಗ್ಲೌಸ್ ಹಾಕಿ, ದೊಡ್ಡ ಉಂಡೆಯನ್ನು ಮುರಿದು, ಮರಳು ತಾಗದ ಒಳಭಾಗದಿಂದ 10–20 ಗ್ರಾಂ ತೆಗೆದು ಕಂದು ಗಾಜಿನ ಬಾಟಲಿಗೆ ಹಾಕಿ. ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆ ಇರಲಿ. ಅದೇ ದಡದ ಶುದ್ಧ ಮರಳು ಇನ್ನೊಂದು ಬಾಟಲಿಗೆ. ದಿನಾಂಕ, ಗಂಟೆ, ಜಿಪಿಎಸ್, ತೆಗೆದವರ ಸಹಿ ಇರಲಿ. ಎಲ್ಲವನ್ನೂ ಎರಡು ಪ್ರತಿ ಮಾಡಿ ಮೊಹರು ಹಾಕಿ, ಕತ್ತಲಲ್ಲಿ 4 ಡಿಗ್ರಿಯಲ್ಲಿ ಇಡಿ. ಕೈಯಿಂದ ಕೈಗೆ ಹೋದ ದಾಖಲೆ ಇಲ್ಲದಿದ್ದರೆ ಫಲಿತಾಂಶ ಎಷ್ಟು ಚಂದ ಬಂದರೂ ಕಾನೂನಿನ ಮುಂದೆ ನಿಲ್ಲುವುದು ಕಷ್ಟ.

ಹಗುರ ಅಂಶಗಳು ದಿನಗಳಲ್ಲೇ ಆರಿಹೋಗ್ತವೆ, ಆದರೆ ಹೋಪೇನ್, ಸ್ಟೆರೇನ್ ಎಂಬ ಜೈವಿಕ ಗುರುತುಗಳು ಬಿಸಿಲು ಮಳೆಗೆ ಸುಲಭವಾಗಿ ಬಗ್ಗುವುದಿಲ್ಲ. ಅವುಗಳ ಅನುಪಾತವೇ ಬೆರಳಚ್ಚು. ಗೋವಾ ತೀರದ ಉಂಡೆಗಳ ಮೇಲೆ ನಡೆದ ಇಂತಹ ಅಧ್ಯಯನಗಳಲ್ಲಿ ಕೆಲವು ಮುಂಬೈ ಕಡಲಿನ ಬಾಂಬೆ ಹೈ ನಿಕ್ಷೇಪದ ತೈಲಕ್ಕೂ, ಕೆಲವು ಆಗ್ನೇಯ ಏಷ್ಯಾದ ಕಚ್ಚಾ ತೈಲ ಹೊತ್ತ ಟ್ಯಾಂಕರ್ ತೊಳೆದದ್ದಕ್ಕೂ ಹೊಂದಿವೆ. ಆದರೆ ಹೋಲಿಸಲು ಅನುಮಾನದ ಹಡಗಿನ ಸ್ಯಾಂಪಲ್ ಬೇಕು. ಅದಿಲ್ಲದೆ ತೈಲದ ಊರು ಗೊತ್ತಾಗ್ತದೆ, ಹಡಗಿನ ಹೆಸರು ಗೊತ್ತಾಗುವುದಿಲ್ಲ.

ಹೆಕ್ಕುವುದಾದರೆ ಬೆಳಗಿನ ತಂಪಿನಲ್ಲೇ ಹೆಕ್ಕಿ. ಬಿಸಿಲೇರಿದರೆ ಮೆದುವಾಗಿ ಮರಳಿಗೆ ಇಳೀತದೆ. ಕುಂಟೆ, ಜರಡಿ ಸಾಕು. ಜೆಸಿಬಿ ತಂದರೆ ಒಂದು ಬುಟ್ಟಿ ಟಾರ್ ಒಂದು ಲೋಡ್ ಕೊಳಕು ಮರಳಾಗ್ತದೆ. ಹೂಳಬೇಡಿ, ಸುಡಬೇಡಿ. ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಶೀಟು ಹಾಸಿ, ಮಳೆ ಬೀಳದಂತೆ ಮುಚ್ಚಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಅಪಾಯಕಾರಿ ತ್ಯಾಜ್ಯದ ಘಟಕಕ್ಕೇ ಕೊಡಿ.

ಪಡುಕಡಲು:
ಉಪಕಾರ. ಹಾಗಾದರೆ ಹಡಗು ಸಿಗಬೇಕಾದರೆ ಕಡಲಲ್ಲೇ ಕಣ್ಣಿಡಬೇಕು. ಹಡಗು ಎಣ್ಣೆ ಬಿಡುವುದನ್ನು ಬೋಟಿನವರು ಕಂಡರೆ ಏನು ಮಾಡಬೇಕು?

ಇಂಜಿನ್‌ರೂಮ್:
ಕೋಸ್ಟ್ ಗಾರ್ಡಿನ 1554ಕ್ಕೆ ಕರೆ, ಇಲ್ಲದಿದ್ದರೆ ಬೋಟಿನ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್. ತೈಲ ಸೋರಿಕೆ ನಿಭಾಯಿಸುವ ರಾಷ್ಟ್ರೀಯ ಯೋಜನೆ ಅವರದ್ದೇ. ಜಿಪಿಎಸ್ ಸ್ಥಾನ, ಸಮಯ, ಹಡಗಿನ ದಿಕ್ಕು, ಪಟ್ಟಿಯ ಉದ್ದ ಅಗಲ ಹೇಳಿ. ಬಣ್ಣವನ್ನೂ ಹೇಳಿ, ಅದರಲ್ಲಿ ಪ್ರಮಾಣ ಅಡಗಿದೆ: ಬೆಳ್ಳಿ ಜಿಡ್ಡಾದರೆ ಚದರ ಕಿಲೋಮೀಟರಿಗೆ 40–300 ಲೀಟರ್, ಕಾಮನಬಿಲ್ಲಿನ ಬಣ್ಣವಾದರೆ 300–5,000, ಲೋಹದ ಹೊಳಪಾದರೆ 5,000ದಿಂದ 50,000. 15 ಪಿಪಿಎಂ ಒಳಗಿನ ನೀರು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಜಿಡ್ಡು ಬಿಡುವುದಿಲ್ಲ, ಹಾಗಾಗಿ ಕಂಡದ್ದೇ ತನಿಖೆಗೆ ಕಾರಣ. ಫೋಟೋದಲ್ಲಿ ಹಡಗಿನ ಮುಂದಿನ ನೀರು ಸ್ವಚ್ಛ, ಹಿಂದೆ ಜಿಡ್ಡು, ಎರಡೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಹಿಂಬದಿಯ ಹೆಸರು, ಹಡಗಿನ ಶಾಶ್ವತ ಗುರುತಾದ ಏಳಂಕಿಯ ಐಎಂಒ ಸಂಖ್ಯೆ ಬೇರೆಯಾಗಿ ತೆಗೀರಿ. ಹಡಗಿಗೆ ತೀರಾ ಹತ್ತಿರ ಹೋಗಬೇಡಿ; ಮೇಲೆ ಹಡಗು ನಡೆಸುವ ಕೋಣೆಯಲ್ಲಿರುವವನಿಗೆ ಸಣ್ಣ ಬೋಟ್ ಕಾಣದೇ ಹೋಗಬಹುದು.